ಮೋಡದ ಮ್ಯಾಲ ಹಾರೋ ವಿಮಾನಕ್ಕ ಗುಡುಗು ಸಿಡ್ಲು ಸಿಗೋ ಚಾನ್ಸ್ ಎಷ್ಟು?

ಪ್ರಶ್ನೆ (ಆಳಂದ ಕಡೆಯಿಂದ ಒಬ್ಬ ತಾಯಿ ಕೇಳಿದ್ದು): ನಮ್ಮ ಮಗಳು ಮೇ ತಿಂಗಳದಾಗ ಹೈದರಾಬಾದಿನಿಂದ ದುಬೈಗೆ ಹೊಂಟಾಳ್ರಿ, ಸಂಜಿ ಫ್ಲೈಟ್. ಆ ಟೈಮಿನಾಗ ನಮ್ಮ ಕಡೆ ದಿನಾ ಗುಡುಗು ಮಿಂಚು ಇರ್ತದ. ವಿಮಾನ ಮೋಡದ ಮ್ಯಾಲೇ ಹೋಗ್ತದ, ಕೆಳಗಿನ ಮಳಿಗೂ ಅದಕ್ಕೂ ಸಂಬಂಧನೇ ಇಲ್ಲ ಅಂತ ಮಗ ಹೇಳ್ತಾನ, ಖರೇ ಏನ್ರಿ? ಮತ್ತ ಹೋದ ವರ್ಷ ಕಲಬುರಗಿಗೆ ಬರೋ ವಿಮಾನ ಇಲ್ಲಿ ತನಕ ಬಂದು ಇಳೀಲಾರ್ದ ಹೈದರಾಬಾದಿಗೆ ಹೋಯ್ತು. ಅಷ್ಟು ಎತ್ರದಾಗ ಅಂಜದೆ ಬಂದದ್ದು ಇಳಿಯೋ ಮುಂದ ಯಾಕ ಅಂಜಬೇಕು?

ಉತ್ತರ:

ಅಕ್ಕೋರೆ, ಮೊದ್ಲು ಫಿಕರ್ ಬಿಡ್ರಿ, ಮಗಳನ್ನ ಧೈರ್ಯದಿಂದ ಕಳಸ್ರಿ. ಆದ್ರ ಮಗ ಹೇಳಿದ ಕಾರಣ ಅರ್ಧ ಅಷ್ಟೇ ಬರೋಬರಿ ಅದ. ಸಾದಾ ಮಳಿ ಮೋಡ, ಜಿಟಿ ಜಿಟಿ ಮಳಿ ತರೋವು, ಶ್ರಾವಣದಾಗ ನಾಕೈದು ದಿನ ಕವುಕೊಂಡು ಕೂಡೋವು, ಅವು ಹೆಚ್ಚು ಕಮ್ಮಿ ಎಲ್ಲಾ ವಿಮಾನದ ಕೆಳಗೇ ಉಳೀತಾವು. ಗುಡುಗು ಸಿಡ್ಲಿನ ಮೋಡದ ಮಾತು ಬ್ಯಾರೆ. ನಮ್ಮ ಭಾಗದಾಗ ಮೇ ತಿಂಗಳದ ಜೋರಿನ ಮೋಡ 45-50 ಸಾವಿರ ಅಡಿ ತನಕ ಏರ್ತದ, ಒಮ್ಮೊಮ್ಮೆ 55 ಸಾವಿರನೂ ದಾಟ್ತದ, ನಿಮ್ಮ ಮಗಳ ವಿಮಾನ ಹಾರೋದು 34ರಿಂದ 40 ಸಾವಿರ ಅಡಿಯೊಳಗ. ಹಂಗಾದ್ರ ವಿಮಾನ ಮೋಡದ ನೆತ್ತಿ ಮ್ಯಾಲ ಎಲ್ಲಿ ಇದ್ದಂಗಾಯ್ತು? ನಡುವಿನ ಮ್ಯಾಲ ಸ್ವಲ್ಪ, ಎದಿ ಮಟ್ಟಕ್ಕ ಇರ್ತದ ಅಷ್ಟೇ. ಆಕೀನ ಕಾಪಾಡೋದು ಎತ್ರ ಅಲ್ರಿ, ಪೈಲಟ್ ಆ ಮೋಡಕ್ಕ ಸುತ್ತು ಹಾಕಿ ಹೋಗೋದು. ನಾನು ಏರ್‌ಪೋರ್ಟ್ ಹವಾಮಾನ ಆಫೀಸಿನಾಗ ಭಾಳ ವರ್ಷ ಕೆಲಸ ಮಾಡಿದಾಂವ, ಅದಕ್ಕ ಇದನ್ನ ಜರಾ ಬಿಡಿಸಿ ಹೇಳ್ತೀನಿ.

ವಿಮಾನ ಎಲ್ಲಾ ಹವಾಮಾನದ ಮ್ಯಾಲ ಹಾರ್ತದ ಅನ್ನೋ ಮಾತು ತಂಪು ದೇಶಗಳಿಂದ ಬಂದದ್ದು, ಅಲ್ಲಿ ಅದು ಬಹುಪಾಲು ಖರೇ ಸೈತ. ಮೋಡ ಏರೋದಕ್ಕ ಒಂದು ಛಾವಣಿ ಅದ ಆಕಾಶದಾಗ, ಅದಕ್ಕ ಟ್ರೋಪೋಪಾಸ್ ಅಂತಾರ, ಅದರ ಮ್ಯಾಲ ಹೋದಂಗ ಗಾಳಿ ತಂಪಾಗೋದು ನಿಂತು ಹೊಳ್ಳಿ ಬೆಚ್ಚಗ ಆಗ್ಲಾಕ ಶುರು ಆಗ್ತದ, ಅದಕ್ಕ ಮೋಡಕ್ಕ ಮುಂದ ಏರ್ಲಾಕ ಆಗಂಗಿಲ್ಲ, ಅಲ್ಲೇ ಅಡ್ಡಕ್ಕ ಹರಡಿಕೊಂಡು ಕಮ್ಮಾರರ ಅಡಿಗಲ್ಲಿನ ಆಕಾರ ತಗೋತದ. ಧ್ರುವದ ಕಡೆ ಈ ಛಾವಣಿ 8-9 ಕಿಲೋಮೀಟರ್‌ಗೇ ಸಿಗ್ತದ, ಯುರೋಪಿನಾಗ 11-12, ನಮ್ಮಲ್ಲಿ 16-17 ಕಿಲೋಮೀಟರ್. ವಿಮಾನ ಹಾರೋದು ಎಲ್ಲಾ ಕಡೆ ಅದೇ 10-12 ಕಿಲೋಮೀಟರ್ ಎತ್ರದಾಗ. ಯುರೋಪಿನ ಚಳಿಗಾಲದಾಗ ಅದು ಛಾವಣಿ ದಾಟಿ ಹೋಗ್ತದ, ನಮ್ಮಲ್ಲಿ ಛಾವಣಿ ಕೆಳಗೇ ಹೋಗಬೇಕು.

ಅದರಾಗ ನಮ್ಮ ಎರಿ ಭೂಮಿಯ ಬ್ಯಾಸಿಗಿ. ಏಪ್ರಿಲ್-ಮೇದಾಗ 42-43 ಡಿಗ್ರಿ ಕಾದ ನೆಲ, ಬಂಗಾಳ ಕೊಲ್ಲಿ ಕಡೆಯಿಂದ ಹಸಿ ಗಾಳಿ, ವಾಯವ್ಯದಿಂದ ಒಣ ಗಾಳಿ, ಎರಡೂ ಬಂದು ಕೂಡೋ ಗೆರಿ ಮರಾಠವಾಡ, ಬೀದರ್, ಕಲಬುರಗಿ ಹಿಡ್ಕೊಂಡು ದಕ್ಷಿಣಕ್ಕ ಹೋಗ್ತದ. ಮುಂಜಾನಿ ಆಕಾಶ ಸ್ವಚ್ಛ, ಮಧ್ಯಾಹ್ನ ಮೂರಕ್ಕ ಬಿಳಿ ಗುಂಪು ಎದ್ದು ನಿಲ್ತಾವು, ಐದಕ್ಕ ಕರ್ರಗ ಆಗಿ ಗಾಳಿ ಬೀಸಿ ಧೂಳು ಎದ್ದು ಸಿಡ್ಲು ಬೀಳ್ತದ, ಇದು ನಿಮಗ ಗೊತ್ತಿದ್ದದ್ದೇ. ಅಂಥ ಮೋಡ ಬೆಳಿಯೋ ಹೊತ್ತಿನಾಗ ಅದರ ನೆತ್ತಿ ನಿಮಿಷಕ್ಕ ಐದಾರು ಸಾವಿರ ಅಡಿನೂ ಏರಬಹುದು. ಪ್ರಯಾಣಿಕರ ಜೆಟ್ ವಿಮಾನ 35 ಸಾವಿರ ಅಡಿ ಮುಟ್ಟಿದ ಮ್ಯಾಲ ನಿಮಿಷಕ್ಕ ಒಂದು ಸಾವಿರ ಅಡಿ ಏರಿದ್ರೂ ದೊಡ್ಡದು, ಅಲ್ಲಿ ಗಾಳಿ ತೆಳು, ಎಂಜಿನ್ ಶಕ್ತಿ ಕಮ್ಮಿ. ಅದಕ್ಕ ಮೋಡದ ಜೋಡಿ ಏರೋ ಪೈಪೋಟಿಗೆ ಯಾವ ಶಾಣ್ಯಾ ಪೈಲಟ್ಟೂ ಬೀಳಂಗಿಲ್ಲ. ಇನ್ನೊಂದು ಕಾರಣ ಏನಂದ್ರ, ತನ್ನ ಮಿತಿಯ ಎತ್ರಕ್ಕ ಬಂದ ವಿಮಾನಕ್ಕ ಜರಾ ಸ್ಪೀಡ್ ಕಮ್ಮಿ ಆದ್ರ ಸ್ಟಾಲ್ (ರೆಕ್ಕಿಗೆ ಗಾಳಿಯ ಆಸರ ತಪ್ಪಿ ವಿಮಾನ ಕುಸಿಯೋದು), ಜರಾ ಜಾಸ್ತಿ ಆದ್ರ ನಡುಕ, ಇವೆರಡರ ನಡುವಿನ ಜಾಗ ಭಾಳ ಸಣ್ಣದಾಗಿರ್ತದ, ಅಂಥಲ್ಲಿ ಮೋಡದ ನೆತ್ತಿಯಿಂದ ಎದ್ದ ಗಾಳಿ ಹೊಡೆದ್ರ ಕೆಲಸ ಕೆಡ್ತದ. ಅದಕ್ಕೇ ಮ್ಯಾಲಿಂದ ದಾಟಬೇಕಾದ್ರ ಮೋಡದ ನೆತ್ತಿಯಿಂದ ಕಮ್ಮಿ ಅಂದ್ರೂ 5 ಸಾವಿರ ಅಡಿ ಬಿಟ್ಟು ದಾಟ್ರಿ ಅಂತ ಪೈಲಟ್‌ಗೋಳಿಗೆ ಕಲಸ್ತಾರ. 50 ಸಾವಿರ ಅಡಿ ಮೋಡಕ್ಕ 55 ಸಾವಿರ ಬೇಕಾಯ್ತು, ಅಷ್ಟು ಎತ್ರ ಹೋಗೋ ಪ್ರಯಾಣಿಕರ ವಿಮಾನ ಈಗ ಒಂದೂ ಇಲ್ಲ. ಕಾಂಕಾರ್ಡ್ 60 ಸಾವಿರದ ತನಕ ಹೋಗ್ತಿತ್ತು, ಅದು 2003ಕ್ಕ ಬಂದ್ ಆಯ್ತು.

ಮ್ಯಾಲಿಂದ ದಾಟೋದರಾಗೂ ಅಪಾಯ ಅದ ಅನ್ನೋದಕ್ಕ ಒಂದು ಹಳೇ ಘಟನಾ ಹೇಳ್ತೀನಿ. 1959ರ ಜುಲೈ 26ಕ್ಕ ಅಮೆರಿಕದ ವಿಲಿಯಂ ರಾಂಕಿನ್ ಅನ್ನೋ ಯುದ್ಧ ವಿಮಾನದ ಪೈಲಟ್ ಸುಮಾರು 47 ಸಾವಿರ ಅಡಿ ಮ್ಯಾಲಿಂದ ಒಂದು ಗುಡುಗು ಮೋಡ ದಾಟೋ ಮುಂದ ಎಂಜಿನ್ ಬಂದ್ ಬಿತ್ತು, ಆತ ಹೊರಗ ಜಿಗದ. ಪ್ಯಾರಾಚೂಟ್ ಬಿಚ್ಚಿದ್ದೂ ಮೋಡದೊಳಗೇ. ಸಾದಾ ಲೆಕ್ಕದಾಗ ಹತ್ತು ನಿಮಿಷಕ್ಕ ನೆಲ ಮುಟ್ಟಬೇಕಾದಾಂವ ಸುಮಾರು 40 ನಿಮಿಷ ಒಳಗೇ ಮ್ಯಾಲ ಕೆಳಗ ಆದ, ಮ್ಯಾಲೇರೋ ಗಾಳಿ ಮತ್ತ ಮತ್ತ ಎತ್ತಿ ಒಗೀತಿತ್ತು, ಆಣೆಕಲ್ಲು ಬಡೀತಿದ್ವು. ಬದುಕಿ ಬಂದ ಅನ್ನೋದೇ ದೊಡ್ಡ ಮಾತು.

ಈಗ ನೀವು ಕೇಳಿದ ಚಾನ್ಸಿನ ಲೆಕ್ಕ. ಪೂರಾ ಭೂಮಿ ಮ್ಯಾಲ ಯಾವುದೇ ಗಳಿಗೆಯಾಗ ನೋಡಿದ್ರೂ ಸುಮಾರು 2 ಸಾವಿರ ಗುಡುಗು ಮಳಿ ನಡೆದಿರ್ತಾವು ಅಂತ ಒಂದು ಹಳೇ ಅಂದಾಜು ಅದ, ಇವತ್ತಿಗೂ ಅದನ್ನೇ ಹೇಳ್ತಾರ. ಭೂಮಿ ವಿಸ್ತೀರ್ಣ 51 ಕೋಟಿ ಚದರ ಕಿಲೋಮೀಟರ್. ಭಾಗಿಸಿದ್ರ ಎರಡೂವರೆ ಲಕ್ಷ ಚದರ ಕಿಲೋಮೀಟರ್‌ಗೆ ಒಂದು ಬಂತು, ಅಂದ್ರ ಪೂರಾ ಕರ್ನಾಟಕಕ್ಕಿಂತ ದೊಡ್ಡ ಜಾಗಕ್ಕ ಒಂದೇ ಒಂದು. ಒಂದು ಮೋಡ 20 ಕಿಲೋಮೀಟರ್ ಅಗಲ ಅಂತ ಹಿಡೀರಿ, ನಿಮ್ಮ ಮಗಳ ವಿಮಾನ ಹೈದರಾಬಾದ್ ಬಿಟ್ಟು ಬೀದರ್ ಕಡೆಯಿಂದ ಹಾಯ್ದು ಅರಬ್ಬಿ ಸಮುದ್ರ ಮುಟ್ಟೋ ತನಕ ಒಂದು 700 ಕಿಲೋಮೀಟರ್. ಎರಡೂ ಗುಣಿಸಿದ್ರ 14 ಸಾವಿರ ಚದರ ಕಿಲೋಮೀಟರ್ ಪಟ್ಟಿ. ಪೈಲಟ್ ಕಣ್ಣು ಮುಚ್ಚಿ ಸೀದಾ ಹೋದ ಅಂದ್ರೂ ಆ ಪಟ್ಟಿಯೊಳಗ ಗುಡುಗು ಮೋಡ ಸಿಗೋದು ನೂರಕ್ಕ ಐದಾರು ಸಲ, ಅದರಾಗೂ ಎಲ್ಲಾ ಮೋಡ 35 ಸಾವಿರ ಅಡಿ ತನಕ ಬೆಳೆಯಂಗಿಲ್ಲ, ಹಂಗಾಗಿ ಇನ್ನೂ ಕಮ್ಮಿ.

ಆದ್ರ ಈ ಲೆಕ್ಕ ನಂಬಿ ಕೂಡಬ್ಯಾಡ್ರಿ. ಇದು ಸಹಾರಾ ಮರುಭೂಮಿ, ದಕ್ಷಿಣ ಧ್ರುವ, ಮುಂಜಾನಿ ಆರು ಗಂಟೆ ಎಲ್ಲಾ ಕೂಡಿಸಿ ತೆಗೆದ ಸರಾಸರಿ. ಮೇ ತಿಂಗಳದ ಸಂಜಿ ಐದಕ್ಕ ನಮ್ಮ ದಖ್ಖನ್ ಭಾಗದ ಉಪಗ್ರಹ ಚಿತ್ರ ನೋಡಿದ್ರ ಲಾತೂರ್‌ದಿಂದ ಸೋಲಾಪುರ, ಕಲಬುರಗಿ, ರಾಯಚೂರು ತನಕ ಬಿಳಿ ಚುಕ್ಕಿ ಸಾಲು ಹಚ್ಚಿರ್ತಾವು. ಕರ್ನಾಟಕದಷ್ಟು ಜಾಗದಾಗ ಒಂದಲ್ಲ, ಇಪ್ಪತ್ತು ಮೋಡ ಎದ್ದಾವು ಅಂತ ಇಟ್ಕೊಂಡ್ರ, ಅದೇ 700 ಕಿಲೋಮೀಟರ್ ಸೀದಾ ಗೆರಿ ಮ್ಯಾಲ ಒಂದಾದ್ರೂ ಅಡ್ಡ ಬಂದೇ ಬರ್ತದ ಅಂತ ತಿಳ್ಕೋಬೇಕು. ಅದಕ್ಕ ನಾನು ಹೇಳೋದು, ದಾರ್‍ಯಾಗ ಗುಡುಗು ಮೋಡ ಸಿಗೋ ಚಾನ್ಸ್ ಮೇದಾಗ ಭಾಳ ಅದ, ಆದ್ರ ಅದರೊಳಗ ವಿಮಾನ ಹೋಗೋ ಚಾನ್ಸ್ ಭಾಳ ಕಮ್ಮಿ. ಇವೆರಡನ್ನ ಮಂದಿ ಒಂದೇ ಅಂತ ತಿಳೀತಾರ, ಅಲ್ಲೇ ಅಂಜಿಕಿ ಹುಟ್ಟೋದು.

ಸುತ್ತು ಹಾಕೋದು ಹೆಂಗ ಅಂತೀರಿ? ವಿಮಾನದ ಮೂಗಿನೊಳಗ ಒಂದು ರಾಡಾರ್ ಇರ್ತದ. ಮಳಿ ಹನಿಗೆ ಬಡಿದು ಹೊಳ್ಳಿ ಬಂದ ಸಿಗ್ನಲ್ ನೋಡಿ ಹಸ್ರು, ಹಳದಿ, ಕೆಂಪು ಬಣ್ಣದಾಗ ಮೋಡ ತೋರಸ್ತದ, 300 ಕಿಲೋಮೀಟರ್ ದೂರದ್ದು ಸೈತ ಕಾಣಸ್ತದ, ಅಂದ್ರ ಇಪ್ಪತ್ತು ನಿಮಿಷ ಮೊದಲೇ. ಜೋರಿನ ಮೋಡದಿಂದ ಕಮ್ಮಿ ಅಂದ್ರೂ 20 ನಾಟಿಕಲ್ ಮೈಲು, ಅಂದ್ರ 37 ಕಿಲೋಮೀಟರ್ ದೂರ ಇರ್ರಿ ಅಂತ ನಿಯಮ. ಪೈಲಟ್ ಎಟಿಸಿಗೆ, ಅಂದ್ರ ನೆಲದಿಂದ ವಿಮಾನಗೋಳಿಗೆ ದಾರಿ ಹೇಳೋ ಆಫೀಸಿಗೆ, ಕೇಳ್ತಾನ, ಎಡಕ್ಕ ಇಷ್ಟು ಮೈಲು ಡಿವಿಯೇಷನ್ ಬೇಕು ಅಂತ, ಅವ್ರು ಸುತ್ತಮುತ್ತ ಬ್ಯಾರೆ ವಿಮಾನ ಎಲ್ಲಿ ಅದಾವು ನೋಡಿ ಕೊಡ್ತಾರ. ಇದರಾಗ ಟೈಮ್ ಎಷ್ಟು ಹೋಗ್ತದ ಲೆಕ್ಕ ಹಾಕ್ರಿ, ಮೋಡ ಇನ್ನೂ 150 ಕಿಲೋಮೀಟರ್ ದೂರ ಇದ್ದಾಗೇ ತಿರುಗಿ 40 ಕಿಲೋಮೀಟರ್ ಬಾಜೂಕ್ಕ ಹಾಯ್ದು ಹೊಳ್ಳಿ ದಾರಿಗೆ ಬಂದ್ರ ಹೆಚ್ಚಾಗೋದು ಬರೇ ಹತ್ತು ಕಿಲೋಮೀಟರ್, ಒಂದು ನಿಮಿಷನೂ ಹಿಡಿಯಂಗಿಲ್ಲ. ಫೋನಿನಾಗ ಫ್ಲೈಟ್ ತೋರಸೋ ಆ್ಯಪ್ ಹಾಕ್ಕೊಂಡು ಮೇ ಸಂಜಿ ನೋಡ್ರಿ, ನಮ್ಮ ನೆತ್ತಿ ಮ್ಯಾಲಿನ ಗೆರಿ ಎಲ್ಲಾ ಡೊಂಕಾಗಿರ್ತಾವು. ಆ ಡೊಂಕು ಗೆರಿ ಕಂಡಾಗ ನನಗ ಭಾಳ ಸಮಾಧಾನ, ಒಳಗ ಕೂತಾಂವ ಎಚ್ಚರ ಇದ್ದಾನ ಅಂತ ಅರ್ಥ.

ರಾಡಾರ್‌ಗೂ ಎರಡು ಕಡೆ ಕಣ್ಣು ಮಸುಕು ಅದ, ಅದನ್ನೂ ಹೇಳಬೇಕು. ಒಂದು, ನೀರಿನ ಹನಿ ಚಂದಾಗಿ ಕಾಣಸ್ತದ, ಆದ್ರ ಒಣ ಹಿಮದ ಹರಳು ಅದಕ್ಕ ಕಾಣೋದು ಭಾಳ ಕಮ್ಮಿ. ನಮ್ಮಲ್ಲಿ ಮೇದಾಗ ಸುಮಾರು 16 ಸಾವಿರ ಅಡಿಗೆ ಸೊನ್ನೆ ಡಿಗ್ರಿ, 35 ಸಾವಿರಕ್ಕ ಮೈನಸ್ 40ರ ಆಸುಪಾಸು, ಅಲ್ಲಿ ಮೋಡದಾಗ ಹೆಚ್ಚಿನಂಶ ಹರಳೇ. ಸೀದಾ ಮುಂದ ನೋಡಿದ್ರ ಖಾಲಿ ಅನಸ್ತದ, ಅದಕ್ಕ ಪೈಲಟ್ ರಾಡಾರ್ ಕೆಳಗ ಬಗ್ಗಿಸಿ ಮೋಡದ ಹೊಟ್ಟ್ಯಾಗ ನೀರು ಎಷ್ಟದ ನೋಡಬೇಕು. ಎರಡನೇದ್ದು, ಮುಂದಿನ ಮಳಿ ಭಾಳ ದಟ್ಟ ಇದ್ರ ಸಿಗ್ನಲ್ ಅಲ್ಲೇ ಸತ್ತು ಹೋಗ್ತದ, ಹಿಂದ ಏನದ ಗೊತ್ತಾಗಂಗಿಲ್ಲ, ಪರದಾ ಮ್ಯಾಲ ಕರೇ ಜಾಗ ಕಾಣಸ್ತದ. 2002ರ ಜನವರಿ 16ಕ್ಕ ಇಂಡೋನೇಷ್ಯಾದ ಜಾವಾದಾಗ ಒಂದು ಬೋಯಿಂಗ್ 737 ಇಳಿಯೋ ಮುಂದ ಎರಡು ಮೋಡದ ನಡುವ ಖಾಲಿ ಕಂಡ ಕಡೆ ಹೊಕ್ತು, ಅದು ಖಾಲಿ ಇದ್ದಿಲ್ಲ, ಮಳಿ ಆಣೆಕಲ್ಲಿಗೆ ಎರಡೂ ಎಂಜಿನ್ ಆರಿದ್ವು. ಬೆಂಗಾವನ್ ಸೋಲೋ ಅನ್ನೋ ನದ್ಯಾಗ ಇಳಿಸಿದ್ರು, ಒಬ್ಬ ಗಗನಸಖಿ ತೀರಿಕೊಂಡ್ರು, ಉಳಿದೋರು ಬದುಕಿದ್ರು. ಮುಂಗಾರಿನಾಗ, ಸೆಪ್ಟೆಂಬರ್-ಅಕ್ಟೋಬರ್ ಮಳಿಯಾಗ ಇನ್ನೊಂದು ತೊಂದ್ರಿ, ಹರವು ಮೋಡದೊಳಗೇ ಗುಡುಗು ಮೋಡ ಅಡಗಿ ಕೂತಿರ್ತದ, ಕಣ್ಣಿಗೆ ಕಾಣಂಗಿಲ್ಲ, ಅದಕ್ಕ ಫ್ಲೈಟ್ ಹೊರಡೋ ಮುಂಚೆ ಕೊಡೋ ಚಾರ್ಟಿನಾಗ ಅಂಥವನ್ನ ಬ್ಯಾರೆ ಗುರ್ತು ಮಾಡಿ ತೋರಸ್ತೀವಿ. ನನ್ನ ಕೇಳಿದ್ರ ಮೇ ತಿಂಗಳದ ಒಂಟಿ ಮೋಡಕ್ಕಿಂತ ಇವೇ ಹೆಚ್ಚು ಕಾಡಸೋವು.

ಹೊಕ್ರ ಏನಾಗ್ತದ? ಮಂದಿ ಅಂಜೋದು ಸಿಡ್ಲಿಗೆ, ಅಷ್ಟು ಎತ್ರದಾಗ ಅದು ಎಲ್ಲಾಕಿಂತ ಸಣ್ಣ ತೊಂದ್ರಿ. ಸಿಡ್ಲು ವಿಮಾನಕ್ಕ ಬಡಿಯೋದು ಬಹುಪಾಲು ಏರೋ ಇಳಿಯೋ ಮುಂದ, ಸೊನ್ನೆ ಡಿಗ್ರಿ ಮಟ್ಟದ ಸಮೀಪ. ಸರಾಸರಿ ಒಂದು ಪ್ರಯಾಣಿಕರ ವಿಮಾನಕ್ಕ ವರ್ಷಕ್ಕ ಒಮ್ಮೆ ಬಡೀತದ ಅಂತ ಲೆಕ್ಕ, ಮತ್ತ ಹೆಚ್ಚಿನ ಸಲ ಆ ಸಿಡ್ಲು ಹೊಂಡೋದೇ ವಿಮಾನದ ತುದಿಯಿಂದ. ನಾಸಾದವ್ರು 1980ರ ದಶಕದಾಗ ಒಂದು ಎಫ್-106 ವಿಮಾನ ಬೇಕಂತನೇ ಗುಡುಗು ಮೋಡದೊಳಗ ಹಾರಸಿ 700ಕ್ಕೂ ಮ್ಯಾಲ ಸಿಡ್ಲು ತಿನ್ನಿಸಿ ಅಳತಿ ತಗೊಂಡ್ರು, ವಿಮಾನ ಪ್ರತಿ ಸಲ ಹೊಳ್ಳಿ ಬಂತು. ಕರೆಂಟ್ ಲೋಹದ ಹೊರಮೈ ಹಿಡ್ಕೊಂಡು ಹಾಯ್ದು ಹೋಗ್ತದ, ಒಳಗ ಬರಂಗಿಲ್ಲ. 1963ರಾಗ ಅಮೆರಿಕದಾಗ ಒಂದು ಬೋಯಿಂಗ್ 707ರ ಇಂಧನ ಟ್ಯಾಂಕಿಗೆ ಸಿಡ್ಲಿನಿಂದ ಬೆಂಕಿ ಹತ್ತಿ 81 ಮಂದಿ ಸತ್ತಿದ್ರು, ಆಮ್ಯಾಲ ಟ್ಯಾಂಕ್ ಮಾಡೋ ರೀತಿನೇ ಬದಲಾಯ್ತು.

ಎತ್ರದಾಗ ಖರೇ ಅಂಜಬೇಕಾದದ್ದು ಮೂರಕ್ಕ: ಕುಲುಕಾಟ, ಆಣೆಕಲ್ಲು, ಹಿಮದ ಹರಳು. 2024ರ ಮೇ 21ಕ್ಕ ಲಂಡನ್‌ನಿಂದ ಸಿಂಗಾಪುರಕ್ಕ ಹೊಂಟಿದ್ದ ವಿಮಾನ ಮ್ಯಾನ್ಮಾರ್ ಮ್ಯಾಲ 37 ಸಾವಿರ ಅಡಿಯಾಗ ಇತ್ತು, ಕೆಳಗಿಂದ ಮೋಡ ಬೆಳೀತಿದ್ದ ಜಾಗದ ಮ್ಯಾಲ ಹಾಯ್ದಿರಬೇಕು ಅಂತ ತನಿಖೆಯವ್ರು ಹೇಳ್ಯಾರ, ಒಂದು ಸೆಕೆಂಡಿನೊಳಗ ಬೆಲ್ಟ್ ಹಾಕದವ್ರು ಎಲ್ಲಾ ಛಾವಣಿಗೆ ಬಡದ್ರು, ಒಬ್ಬರು ತೀರಿಕೊಂಡ್ರು. ಮುಂದಿನ ವರ್ಷ ಅದೇ ತಾರೀಖಿಗೆ ದೆಹಲಿಯಿಂದ ಶ್ರೀನಗರಕ್ಕ 220ಕ್ಕೂ ಹೆಚ್ಚು ಮಂದಿ ಇದ್ದ ವಿಮಾನ 36 ಸಾವಿರ ಅಡಿಯಾಗ ಆಣೆಕಲ್ಲಿಗೆ ಸಿಕ್ತು, ಮೂಗು ಒಡೆದು ಹೋಯ್ತು, ಆದ್ರ ಎಲ್ಲರನ್ನೂ ಆರಾಮ ಇಳಿಸಿದ್ರು. ಆ ಮೂಗು ಒಡೆದ ಫೋಟೋ ನಿಮ್ಮ ಮೊಬೈಲಿಗೂ ಬಂದಿರಬೇಕು. ಆಣೆಕಲ್ಲು ಮೋಡದೊಳಗೇ ಇರ್ತದ ಅಂತಿಲ್ಲ ನೋಡ್ರಿ, ಹರಡಿದ ನೆತ್ತಿ ಕೆಳಗ ಹತ್ತಾರು ಕಿಲೋಮೀಟರ್ ಆಚಿಗೂ ಒಗೀತದ, ಆ 37 ಕಿಲೋಮೀಟರ್ ನಿಯಮ ಅದಕ್ಕೇ.

ಹಿಮದ ಹರಳಿನ ಮಾತು ಎಲ್ಲಾಕಿಂತ ತಡವಾಗಿ ತಿಳಿದದ್ದು. 2009ರ ಜೂನ್ 1ಕ್ಕ ರಿಯೋದಿಂದ ಪ್ಯಾರಿಸ್‌ಗೆ ಹೊಂಟಿದ್ದ ಏರ್‌ಬಸ್ 330, ಅಟ್ಲಾಂಟಿಕ್ ನಡುವ 35 ಸಾವಿರ ಅಡಿಯಾಗ ಗುಡುಗು ಮೋಡದ ಪಟ್ಟಿ ದಾಟೋ ಮುಂದ ಸ್ಪೀಡ್ ಅಳೆಯೋ ಪಿಟೋ ಕೊಳವಿಯೊಳಗ ಹರಳು ತುಂಬಿ ಸ್ಪೀಡ್ ತೋರಸೋದು ತಪ್ತು, ಆಟೋಪೈಲಟ್ ಬಿಟ್ತು, ಪೈಲಟ್‌ಗೋಳು ಗಾಬರಿಯಾಗಿ ಮೂಗು ಎತ್ತಿದ್ರು, ವಿಮಾನ ಸ್ಟಾಲ್ ಆಗಿ ಸಮುದ್ರಕ್ಕ ಬಿತ್ತು, 228 ಮಂದಿ ಹೋದ್ರು. ಮೋಡ ಆ ವಿಮಾನ ಮುರೀಲಿಲ್ಲ. ಕೊಳವಿ ಒಂದು ನಿಮಿಷದಷ್ಟೇ ಮುಚ್ಚಿತ್ತು, ಆ ಒಂದು ನಿಮಿಷ ಕೈ ತಡೆದು ಹಂಗೇ ಹಾರಿಸಿದ್ರ ಸಾಕಾಗಿತ್ತು, ಇದನ್ನ ಓದಿದಾಗೆಲ್ಲಾ ನನ್ನ ಕರುಳು ಚುರ್ ಅಂತದ. ಅದೇ ರಾತ್ರಿ ಅದೇ ದಾರ್‍ಯಾಗ ಹೋದ ಬ್ಯಾರೆ ವಿಮಾನಗೋಳು ದೂರ ಸುತ್ತಿ ಹೋಗಿದ್ವು. ಆಮ್ಯಾಲ ಕೊಳವಿ ಬದಲಿ ಮಾಡಿದ್ರು, ಪೈಲಟ್‌ಗೋಳಿಗೆ ಎತ್ರದಾಗ ಸ್ಟಾಲ್ ಆದ್ರ ಏನು ಮಾಡಬೇಕು ಅಂತ ಹೊಸದಾಗಿ ಕಲಿಸಿದ್ರು. ಹರಳು ಎಂಜಿನ್ ಒಳಗ ಹೊಕ್ರೂ ಶಕ್ತಿ ಕುಂದ್ತದ, ಅದಕ್ಕ 2013ರಾಗ ಕೆಲವು ಬೋಯಿಂಗ್ 787, 747-8 ವಿಮಾನಗೋಳಿಗೆ ಗುಡುಗು ಮೋಡದಿಂದ 50 ನಾಟಿಕಲ್ ಮೈಲು ದೂರ ಇರ್ರಿ ಅಂತ ಹೇಳಿದ್ರು.

ಖರೇನೇ ಗುಡುಗು ಮೋಡದ ಮ್ಯಾಲ ಹಾರೋವೂ ಅದಾವು, ಅವು ಪ್ರಯಾಣಿಕರವು ಅಲ್ಲ. ನಾಸಾದ ಇಆರ್-2 ಅನ್ನೋದು 65-70 ಸಾವಿರ ಅಡಿಯಾಗ ಹಾರ್ತದ, 2023ರಾಗ ಅದನ್ನ ಗುಡುಗು ಮೋಡದ ಮ್ಯಾಲ ಹಾಯಿಸಿ ಮೋಡದಿಂದ ಗಾಮಾ ಕಿರಣ ಹೊಂಡೋದನ್ನ ಅಳದ್ರು. ನಮ್ಮ ಸಮೀಪದ್ದು ಅಂದ್ರ ಹೈದರಾಬಾದಿನ ಟಿಐಎಫ್‌ಆರ್ ಬಲೂನು (ಟಾಟಾ ವಿಜ್ಞಾನ ಸಂಶೋಧನಾ ಸಂಸ್ಥೆಯವ್ರು ಬಿಡೋವು), ಅವು 30-40 ಕಿಲೋಮೀಟರ್ ಎತ್ರ ಹೋಗ್ತಾವು. 2025ರ ಜನವರಿಯಾಗ ಹುಮನಾಬಾದ್ ತಾಲೂಕಿನ ಜಲಸಂಗಿಯಾಗ ಒಂದು ಬಲೂನು ಬಿದ್ದು ಮಂದಿ ಗಾಬರಿ ಆಗಿದ್ರಲ್ಲ, ಅದು ಅಲ್ಲಿಂದ ಬಂದದ್ದೇ.

ಇನ್ನ ಕಲಬುರಗಿಯಾಗ ಯಾಕ ಇಳೀಲಿಲ್ಲ ಅನ್ನೋದು. ಎತ್ರದಾಗ ಮೋಡ ಬಂದ್ರ ಎಡಕ್ಕ ಬಲಕ್ಕ ಸರೀಲಾಕ ಜಾಗ ಅದ, ಇಳಿಯೋ ಮುಂದ ರನ್‌ವೇ ಸರಿಯಂಗಿಲ್ಲ, ಅದು ಇದ್ದಲ್ಲೇ ಇರ್ತದ, ವಿಮಾನ ಅಲ್ಲಿಗೇ ಬರಬೇಕು. ಕಲಬುರಗಿ ಏರ್‌ಪೋರ್ಟ್ ಇರೋ ಸರಡಗಿ ಸನೇಕ ಮೋಡ ನಿಂತು ಸುರೀಲಾಕ ಹತ್ತಿದ್ರ ಅದರೊಳಗಿಂದ ತಂಪು ಗಾಳಿ ಧೊಪ್ ಅಂತ ನೆಲಕ್ಕ ಬಿದ್ದು ನಾಕೂ ದಿಕ್ಕಿಗೆ ಹರೀತದ, ಮೈಕ್ರೋಬರ್ಸ್ಟ್ ಅಂತಾರ. ವಿಮಾನಕ್ಕ ಮೊದ್ಲು ಎದುರು ಗಾಳಿ ಸಿಗ್ತದ, ಎತ್ತಿದಂಗಾಗ್ತದ, ಅರ್ಧ ನಿಮಿಷದಾಗ ಅದೇ ಗಾಳಿ ಹಿಂದಿಂದ ಬರ್ತದ, ರೆಕ್ಕಿಗೆ ಆಸರ ಹೋಗ್ತದ, ಕೆಳಗ ನೋಡಿದ್ರ ನೆಲ ಐನೂರು ಅಡಿ. 1985ರ ಆಗಸ್ಟ್ 2ಕ್ಕ ಅಮೆರಿಕದ ಡಲ್ಲಾಸ್‌ನಾಗ ಒಂದು ದೊಡ್ಡ ವಿಮಾನ ಹಿಂಗೇ ರನ್‌ವೇ ಮುಟ್ಟೋ ಮೊದಲೇ ಬಿದ್ದಿತ್ತು, ಆಮ್ಯಾಲೇ ವಿಮಾನದಾಗ ವಿಂಡ್‌ಶಿಯರ್ (ಗಾಳಿ ಒಮ್ಮೆಲೇ ದಿಕ್ಕು, ಜೋರು ಬದಲಿಸೋದು) ಎಚ್ಚರಿಕೆ ಕೊಡೋ ಯಂತ್ರ ಕಡ್ಡಾಯ ಆದದ್ದು. ನಿಮ್ಮ ವಿಮಾನ ಹೈದರಾಬಾದಿಗೆ ಒಯ್ದ ಪೈಲಟ್ ಬರೋಬರಿ ಕೆಲಸ ಮಾಡ್ಯಾನ. ಬ್ಯಾರೆ ಏರ್‌ಪೋರ್ಟಿಗೆ ಹೋಗೋ ಅಷ್ಟು ಇಂಧನ ಮೊದಲೇ ಹಾಕ್ಕೊಂಡೇ ಬಂದಿರ್ತಾರ, ಗಾಬರಿಯಾಗಿ ಓಡಿ ಹೋದದ್ದಲ್ಲ ಅದು. ಮೂರು ತಾಸು ತಡ ಆಗಿ ಬಸ್ಸಿನಾಗ ಊರು ಮುಟ್ಟಿದ್ರ ಸಿಟ್ಟು ಬರೋದು ಸಹಜ, ಆದ್ರ ಆ ಸಿಟ್ಟು ಪೈಲಟ್ ಮ್ಯಾಲ ಬ್ಯಾಡ್ರಿ.

ಮಗಳಿಗೆ ಹೇಳೋದು ಇಷ್ಟು. ಟಿಕೆಟ್ ಬದಲಿ ಮಾಡ್ಲಾಕ ಬರ್ತಿದ್ರ ಮುಂಜಾನಿ ಫ್ಲೈಟ್ ನೋಡ್ರಿ, ರಾತ್ರಿ ಎದ್ದ ಮೋಡ ಅಷ್ಟೊತ್ತಿಗೆ ಕರಗಿರ್ತಾವು, ಹೊಸಾವು ಇನ್ನೂ ಎದ್ದಿರಂಗಿಲ್ಲ. ಬದಲಿ ಆಗಂಗಿಲ್ಲ ಅಂದ್ರ ಸಂಜಿದೇ ಇರ್ಲಿ, ಒಂದು ತಾಸು ಲೇಟ್ ಆಗಬಹುದು ಅಷ್ಟೇ. ಬೆಲ್ಟ್ ಲೈಟ್ ಆರಿದ್ರೂ ಬೆಲ್ಟ್ ಬಿಚ್ಚಬ್ಯಾಡ ಅಂತ ಹೇಳ್ರಿ, ಜರಾ ಸಡ್ಲ ಮಾಡಿ ಹಂಗೇ ಹಾಕ್ಕೊಂಡಿರ್ಲಿ, ಮಲಗೋ ಮುಂದ ಸೈತ.

ಮತ್ತ ಆಕಿ ವಿಮಾನದಾಗ ಹೋಗೋ ಅದೇ ಸಂಜಿ ನಿಮ್ಮ ಮನ್ಯಾಗ ಹೊಲಕ್ಕ ಹೋದವ್ರು ಯಾರರೇ ಇದ್ರ ಅವ್ರಿಗೆ ಮೊದ್ಲು ಫೋನ್ ಹಚ್ಚ್ರಿ. ನಮ್ಮ ದೇಶದಾಗ ವರ್ಷಕ್ಕ ಎರಡೂವರೆ ಸಾವಿರಕ್ಕೂ ಮ್ಯಾಲ ಮಂದಿ ಸಿಡ್ಲು ಬಡಿದು ಸಾಯ್ತಾರ, ಬಹುಪಾಲು ಹೊಲದಾಗ ಕೆಲಸ ಮಾಡೋರು, ಕುರಿ ದನ ಕಾಯೋರು, ಮಳಿ ಬಂತಂತ ಬೇವಿನ ಗಿಡದ ಕೆಳಗ ನಿಂತೋರು. ದಾಮಿನಿ ಅನ್ನೋ ಆ್ಯಪ್ ಅದ, ಪುಣೆಯ ಐಐಟಿಎಂ ಅನ್ನೋ ಹವಾಮಾನ ಸಂಶೋಧನಾ ಸಂಸ್ಥೆಯವ್ರು ಮಾಡಿದ್ದು, ಪುಕ್ಕಟ, ಸುತ್ತಮುತ್ತ 20-40 ಕಿಲೋಮೀಟರ್‌ನಾಗ ಸಿಡ್ಲು ಬೀಳ್ತಿದ್ರ ತೋರಸ್ತದ. ಗುಡುಗು ಕೇಳಸ್ತು ಅಂದ್ರ ಗಿಡದ ಕೆಳಗ ನಿಲ್ಲೋದು ಬ್ಯಾಡ, ಪಕ್ಕಾ ಮನಿ ಇಲ್ಲಾ ಬಾಗಿಲು ಹಾಕಿದ ಗಾಡಿಯೊಳಗ ಕೂಡ್ಲಿ, ಕಡೀ ಗುಡುಗು ಕೇಳಿ ಅರ್ಧ ತಾಸು ಆಗೋ ತನಕ ಹೊರಗ ಬರಬ್ಯಾಡ ಅಂತ ಹೇಳ್ರಿ.